ಕೈರೋದ ವೈದ್ಯ, ಕಾಬೂಲಿನ ಬಾಲ್ಕನಿ: ಐಮನ್ ಅಲ್ ಜವಾಹಿರಿಯ ಬದುಕು

(ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದಿದ್ದ ಪುನರುಕ್ತಿಗಳನ್ನು ಕೈಬಿಟ್ಟಿದ್ದೇನೆ.)

2022ರ ಏಪ್ರಿಲ್ ಮೊದಲ ವಾರದಲ್ಲಿ ಎಂಟೂ ಮುಕ್ಕಾಲು ನಿಮಿಷದಷ್ಟು ಉದ್ದದ ಒಂದು ವಿಡಿಯೊ ಹೊರಬಿತ್ತು. ಬಿಳಿ ಮುಂಡಾಸು, ದಪ್ಪ ಕನ್ನಡಕ, ಹಣೆಯ ನಡುವೆ ನಮಾಜಿನಿಂದ ಮೂಡಿದ ಕಪ್ಪು ಕಲೆ ಇದ್ದ ಒಬ್ಬ ಮುದುಕ ಅರಬ್ಬಿಯಲ್ಲಿ ಮಾತನಾಡುತ್ತ, ಅದೇ ವರ್ಷ ಫೆಬ್ರುವರಿ 8ರಂದು ಮಂಡ್ಯದ ಕಾಲೇಜೊಂದರ ಆವರಣದಲ್ಲಿ ಕೇಸರಿ ಶಾಲಿನ ಗುಂಪಿಗೆ ಎದುರಾಗಿ ಕೂಗಿದ ಬುರ್ಖಾಧಾರಿ ವಿದ್ಯಾರ್ಥಿನಿಯನ್ನು ಹೊಗಳಿದ. ಆಕೆಗಾಗಿ ತಾನು ಬರೆದ ಕವಿತೆಯನ್ನೂ ಓದಿದ. ನಮ್ಮ ರಾಜ್ಯದಲ್ಲಿ ಎರಡು ಮೂರು ದಿನ ಅದೇ ಮಾತಾಯಿತು. ಇದರ ಹಿಂದೆ ಯಾರಿದ್ದಾರೆ ಎಂದು ರಾಜಕೀಯ ಪಕ್ಷಗಳು ಪರಸ್ಪರ ಬೆರಳು ತೋರಿಸಿದವು. ಆ ವಿದ್ಯಾರ್ಥಿನಿಯ ತಂದೆ ಮಾತ್ರ ನೇರವಾಗಿ ಹೇಳಿದರು: ಆ ಮನುಷ್ಯ ಯಾರೆಂದು ನಮಗೆ ಗೊತ್ತಿಲ್ಲ, ಇವತ್ತೇ ಮೊದಲ ಸಲ ನೋಡುತ್ತಿದ್ದೇವೆ, ನಾವಿಲ್ಲಿ ಅಣ್ಣತಮ್ಮಂದಿರಂತೆ ಬಾಳುತ್ತಿದ್ದೇವೆ, ಆತ ಹೇಳಿದ್ದು ತಪ್ಪು.

ಅದೇ ವಿಡಿಯೊವನ್ನು ಭಯೋತ್ಪಾದನೆಯ ಅಧ್ಯಯನ ಮಾಡುವವರು ಬೇರೊಂದು ಕಾರಣಕ್ಕೆ ಗಮನವಿಟ್ಟು ನೋಡಿದರು. 2020ರ ಕೊನೆಯಿಂದಲೂ ಈ ಮನುಷ್ಯ, ಐಮನ್ ಅಲ್ ಜವಾಹಿರಿ, ಸತ್ತಿದ್ದಾನೆಂಬ ವದಂತಿಯಿತ್ತು. ಆಮೇಲೆ ಬಂದ ಧ್ವನಿಮುದ್ರಣಗಳನ್ನು ಯಾವಾಗ ಮಾಡಿದ್ದೆಂದು ನಿಶ್ಚಯವಾಗಿ ಹೇಳಲು ಆಗುತ್ತಿರಲಿಲ್ಲ. ಮಂಡ್ಯದ ಘಟನೆಗೆ ದಿನಾಂಕವಿತ್ತು. ಅದನ್ನು ಪ್ರಸ್ತಾಪಿಸಿದ್ದಾನೆಂದರೆ ಎರಡು ತಿಂಗಳ ಹಿಂದಿನವರೆಗಾದರೂ ಬದುಕಿದ್ದಾನೆ ಎಂದಾಯಿತು. ಜಗತ್ತು ಅಲ್ ಖೈದಾದ ಮುಖ್ಯಸ್ಥನ ಜೀವಂತಿಕೆಯನ್ನು ನಮ್ಮ ಮಂಡ್ಯದ ಲೆಕ್ಕದಲ್ಲಿ ಅಳೆಯಬೇಕಾಗಿ ಬಂದದ್ದು ವಿಚಿತ್ರವೇ. ಆ ವಿಚಿತ್ರದ ಎಳೆ ಹಿಡಿದೇ ಈ ಉಪನ್ಯಾಸವನ್ನು ಕಟ್ಟಿದ್ದೇನೆ. ಯಾರ ಪರವಾಗಿ ಮಾತನಾಡುತ್ತೇನೆಂದು ಆತ ಜೀವನಪೂರ್ತಿ ಹೇಳಿಕೊಂಡನೋ ಅವರೇ ಅವನನ್ನು ಮತ್ತೆ ಮತ್ತೆ ಬೇಡವೆಂದರು. ಹಾಗೆ ಬೇಡವೆಂದಾಗಲೆಲ್ಲ ಆತ ಇನ್ನಷ್ಟು ದೂರಕ್ಕೆ, ಇನ್ನಷ್ಟು ದೊಡ್ಡ ಹಿಂಸೆಗೆ ಹೋದ.

ಐಮನ್ ಅಲ್ ಜವಾಹಿರಿ ಹುಟ್ಟಿದ್ದು 1951ರ ಜೂನ್ 19ರಂದು, ಈಜಿಪ್ಟಿನಲ್ಲಿ. ಬಡತನ ಮತ್ತು ಅನಕ್ಷರತೆಯಿಂದ ಉಗ್ರವಾದ ಹುಟ್ಟುತ್ತದೆ ಎಂಬ ಸುಲಭದ ವಿವರಣೆಗೆ ಇವನ ಮನೆತನ ಎಲ್ಲಿಯೂ ಹೊಂದುವುದಿಲ್ಲ. ತಂದೆ ಔಷಧಶಾಸ್ತ್ರದ ಪ್ರಾಧ್ಯಾಪಕ. ತಂದೆಯ ಕಡೆಯ ಹಿರಿಯರೊಬ್ಬರು 1929ರಿಂದ 1935ರವರೆಗೆ ಅಲ್ ಅಜರ್ ವಿದ್ಯಾಪೀಠದ ಪ್ರಧಾನ ಇಮಾಮರಾಗಿದ್ದವರು. ಸುನ್ನಿ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ವಿದ್ವತ್‌ಸ್ಥಾನ ಹುಡುಕುವುದು ಕಷ್ಟ. ತಾಯಿಯ ತಂದೆ ಅಬ್ದುಲ್ ವಹಾಬ್ ಅಜ್ಜಾಮ್ ಪೌರ್ವಾತ್ಯ ಸಾಹಿತ್ಯದ ವಿದ್ವಾಂಸರಾಗಿದ್ದು, ಕೈರೋ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿ, ಪಾಕಿಸ್ತಾನಕ್ಕೆ ಈಜಿಪ್ಟಿನ ರಾಯಭಾರಿಯಾಗಿ ಕೆಲಸ ಮಾಡಿದವರು. ಅವರ ಬಳಗದ ಅಬ್ದುಲ್ ರಹಮಾನ್ ಅಜ್ಜಾಮ್ ಅರಬ್ ಲೀಗಿನ ಮೊದಲ ಮಹಾಕಾರ್ಯದರ್ಶಿ. ಕುಟುಂಬವಿದ್ದದ್ದು ಕೈರೋದ ದಕ್ಷಿಣಕ್ಕಿರುವ ಮಾದಿಯಲ್ಲಿ. ಬ್ರಿಟಿಷರ ಕಾಲದಲ್ಲಿ ಬೆಳೆದ, ಮರಗಳ ಸಾಲಿನ, ವಿದೇಶಿಯರೂ ಯಹೂದಿಗಳೂ ಶ್ರೀಮಂತ ಈಜಿಪ್ಷಿಯನ್ನರೂ ವಾಸವಾಗಿದ್ದ ಆ ಬಡಾವಣೆಯ ಸಾಮಾಜಿಕ ಬದುಕು ಸುತ್ತುತ್ತಿದ್ದದ್ದು ಅಲ್ಲಿನ ಕ್ಲಬ್ಬಿನ ಸುತ್ತ. ಜವಾಹಿರಿಯ ಮನೆಯವರು ಆ ಕ್ಲಬ್ಬಿನ ಸದಸ್ಯರಾಗಿರಲಿಲ್ಲ. ಇದನ್ನೇ ಹಿಡಿದು ಮನಶ್ಶಾಸ್ತ್ರ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಕ್ಲಬ್ಬಿನ ಸದಸ್ಯತ್ವ ಇಲ್ಲದವರೆಲ್ಲ ಬಾಂಬು ಹಿಡಿದಿದ್ದರೆ ಲೋಕ ಉಳಿಯುತ್ತಿರಲಿಲ್ಲ.

ಹೆಚ್ಚು ಮುಖ್ಯವಾದದ್ದು ಸೋದರಮಾವ ಮಹ್‌ಫೂಜ್ ಅಜ್ಜಾಮ್‌ನ ಮೂಲಕ ಮನೆಯೊಳಗೆ ಬಂದ, ಈಜಿಪ್ಟಿನ ಇಸ್ಲಾಮಿ ಚಿಂತಕ ಸಯ್ಯದ್ ಕುತುಬ್‌ನ ವಿಚಾರ. ಮಾವ ಮೊದಲು ಕುತುಬ್‌ನ ಶಿಷ್ಯ, ಮುಂದೆ ಅವನ ವಕೀಲ. ಮುಸ್ಲಿಮರೆಂದು ಹೇಳಿಕೊಳ್ಳುವ ಆಳುವವರು ದೇವರ ಕಾನೂನನ್ನು ಬಿಟ್ಟಿದ್ದರೆ ಅವರು ಇಸ್ಲಾಂಪೂರ್ವದ ಅಜ್ಞಾನದ ಕಾಲಕ್ಕೇ ಸೇರಿದವರು, ಅವರನ್ನು ಉರುಳಿಸುವುದು ಧರ್ಮ ಎಂಬ ತರ್ಕಕ್ಕೆ ಕುತುಬ್ ಅಕ್ಷರರೂಪ ಕೊಟ್ಟ. ಈಜಿಪ್ಟಿನ ಆಗಿನ ಅಧ್ಯಕ್ಷ ನಾಸರ್ ಸರ್ಕಾರ 1966ರ ಆಗಸ್ಟ್ 29ರಂದು ಅವನನ್ನು ಗಲ್ಲಿಗೇರಿಸಿತು. ಅದೇ ವರ್ಷ, ಹದಿನೈದರ ಹುಡುಗ ಐಮನ್ ಕೆಲವೇ ಗೆಳೆಯರನ್ನು ಸೇರಿಸಿ ಒಂದು ಗುಪ್ತ ಕೂಟ ಮಾಡಿಕೊಂಡ. ಮರುವರ್ಷ ಜೂನ್‌ನಲ್ಲಿ ಇಸ್ರೇಲ್ ಆರೇ ದಿನಗಳಲ್ಲಿ ಈಜಿಪ್ಟನ್ನು ಸೋಲಿಸಿದಾಗ ನಾಸರ್‌ನ ಮಾತಿನ ಮೇಲೆ ಒಂದು ಇಡೀ ಪೀಳಿಗೆ ಇಟ್ಟಿದ್ದ ನಂಬಿಕೆ ಕುಸಿಯಿತು. ಆ ಖಾಲಿ ಜಾಗಕ್ಕೆ ಅನೇಕ ವಿಚಾರಗಳು ನುಗ್ಗಿದವು. ಈ ಹುಡುಗರ ಕೂಟ ಅವುಗಳಲ್ಲಿ ಅತಿ ಚಿಕ್ಕದು.

1974ರಲ್ಲಿ ಕೈರೋ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ, ಬಳಿಕ ಸೇನೆಯಲ್ಲಿ ಮೂರು ವರ್ಷ ವೈದ್ಯವೃತ್ತಿ, ಆಮೇಲೆ ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿ. 1978ರಲ್ಲಿ ಅಜ್ಜಾ ನೊವೈರ್ ಎಂಬ, ತತ್ತ್ವಶಾಸ್ತ್ರ ಓದಿದ ಯುವತಿಯೊಂದಿಗೆ ಮದುವೆ. ಕೈರೋದ ದೊಡ್ಡ ಹೋಟೆಲೊಂದರಲ್ಲಿ ನಡೆದ ಆ ಮದುವೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೋಣೆ. ಹಾಡಿಲ್ಲ, ಫೋಟೊ ಇಲ್ಲ. 1980ರಲ್ಲಿ ಅಫ್ಘನ್ ನಿರಾಶ್ರಿತರ ಚಿಕಿತ್ಸೆಗೆಂದು ಪೆಶಾವರಕ್ಕೆ ಹೋಗಿಬಂದ. ಚಿಕಿತ್ಸೆಯ ಕೆಲಸ ನಿಜವಾದದ್ದೇ. ಆದರೆ ಈಜಿಪ್ಟಿನ ನೈಲ್ ಕಣಿವೆಯ ಬಯಲಿನಲ್ಲಿ ಗೆರಿಲ್ಲಾ ಯುದ್ಧಕ್ಕೆ ಜಾಗವಿಲ್ಲ, ಅಫ್ಘಾನಿಸ್ತಾನದಲ್ಲಿ ಬೆಟ್ಟಗಳಿವೆ ಎಂಬ ಲೆಕ್ಕವನ್ನೂ ಅವನು ಆಗಲೇ ಹಾಕಿದ್ದ.

1981ರ ಅಕ್ಟೋಬರ್ 6ರಂದು ಸೇನಾ ಪಥಸಂಚಲನದ ವೇಳೆ ಅಧ್ಯಕ್ಷ ಅನ್ವರ್ ಸಾದಾತ್‌ರನ್ನು ಲೆಫ್ಟಿನೆಂಟ್ ಖಾಲಿದ್ ಇಸ್ಲಾಂಬೂಲಿಯ ತಂಡ ಗುಂಡಿಟ್ಟು ಕೊಂದಿತು. ಜವಾಹಿರಿ ಆ ಹತ್ಯೆಯ ರೂವಾರಿಯಾಗಿರಲಿಲ್ಲ. ಸಂಚಿನ ಸುದ್ದಿ ಅವನಿಗೆ ತಲುಪಿದ್ದೇ ತಡವಾಗಿ. ಆದರೂ ಅದೇ ತಿಂಗಳು ಬಂಧನವಾಯಿತು. ಆ ಸೆರೆವಾಸದ ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಬೇಕು.

ಮೊದಲನೆಯದನ್ನು ಲೋಕವೆಲ್ಲ ನೋಡಿದೆ. 1982ರ ಡಿಸೆಂಬರ್‌ನಲ್ಲಿ ಮುನ್ನೂರು ಆರೋಪಿಗಳ ವಿಚಾರಣೆ ಆರಂಭವಾದಾಗ ನ್ಯಾಯಾಲಯದ ಕಬ್ಬಿಣದ ಪಂಜರದೊಳಗಿನಿಂದ, ಮೂವತ್ತೊಂದರ ಯುವ ವೈದ್ಯ ವಿದೇಶಿ ಪತ್ರಕರ್ತರನ್ನು ಉದ್ದೇಶಿಸಿ ಇಂಗ್ಲಿಷಿನಲ್ಲಿ ಅಬ್ಬರಿಸುತ್ತಾನೆ: ನಾವು ಯಾರು, ನಮ್ಮನ್ನು ಇಲ್ಲಿಗೇಕೆ ತಂದರು, ಸೆರೆಮನೆಯಲ್ಲಿ ನಮಗೆ ಹೊಡೆದರು, ವಿದ್ಯುತ್ ಆಘಾತ ಕೊಟ್ಟರು. ಸಹಕೈದಿಗಳು ಘೋಷಣೆ ಕೂಗುತ್ತಾರೆ. ಎಲ್ಲರ ಪರವಾಗಿ ಮಾತನಾಡಲು ಅವನನ್ನು ಆರಿಸಿದ್ದಕ್ಕೆ ಕಾರಣ ಸರಳ, ಅವನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಚಿತ್ರಹಿಂಸೆಯ ಬಗ್ಗೆ ಆತ ಹೇಳಿದ್ದು ಸುಳ್ಳಾಗಿರಲಿಲ್ಲ. ಈಜಿಪ್ಟಿನ ಸೆರೆಮನೆಗಳಲ್ಲಿ ಅದು ನಿತ್ಯದ ಪದ್ಧತಿಯಾಗಿತ್ತು.

ಎರಡನೆಯ ಚಿತ್ರಕ್ಕೆ ಕ್ಯಾಮೆರಾ ಇರಲಿಲ್ಲ. ಇಸಾಮ್ ಅಲ್ ಕಮರಿ ಎಂಬ ಸೇನಾಧಿಕಾರಿ ಆ ಗುಂಪಿನ ಅತಿ ದಿಟ್ಟ ಮನುಷ್ಯ, ಜವಾಹಿರಿಯ ಆಪ್ತ. ಅವನು ತಲೆಮರೆಸಿಕೊಂಡಿದ್ದ. ಚಿತ್ರಹಿಂಸೆಯ ನಡುವೆ ಜವಾಹಿರಿ ಅವನ ಸುಳಿವು ಬಿಟ್ಟುಕೊಟ್ಟ, ಕಮರಿ ಸಿಕ್ಕಿಬಿದ್ದ. ಮಿತ್ರನನ್ನು ಹಿಡಿದುಕೊಟ್ಟದ್ದಕ್ಕಾಗಿ ಜವಾಹಿರಿಯನ್ನು ಹಳಿಯುವ ಹಕ್ಕು ಅಂಥ ನೋವನ್ನು ಕಾಣದ ನಮಗಿಲ್ಲ. ಆದರೆ ಆ ಸೆರೆಯಿಂದ 1984ರಲ್ಲಿ ಹೊರಬಂದವನು ಒಳಗೆ ಹೋದವನಿಗಿಂತ ಕಠೋರನಾಗಿದ್ದ ಎಂದು ಅವನನ್ನು ಬಲ್ಲ ಹಲವರು ಹೇಳಿದ್ದಾರೆ, ಅವಮಾನವೂ ಸೇಡೂ ಅವನಲ್ಲಿ ಒಂದಕ್ಕೊಂದು ಹೆಣೆದುಕೊಂಡಿದ್ದವು ಎಂಬುದು ಅವರ ಅಭಿಪ್ರಾಯ. ಅವನ ಮುಂದಿನ ಬದುಕು ಆ ಮಾತನ್ನು ಅಲ್ಲಗಳೆಯುವುದಿಲ್ಲ.

1985ರಲ್ಲಿ ದೇಶ ಬಿಟ್ಟ. ಜಿದ್ದಾ, ಅಲ್ಲಿಂದ ಪೆಶಾವರ. ಸೋವಿಯತ್ ಸೇನೆಯ ವಿರುದ್ಧದ ಯುದ್ಧಕ್ಕೆಂದು ಅರಬ್ ದೇಶಗಳಿಂದ ಹಣವೂ ಯುವಕರೂ ಹರಿದುಬರುತ್ತಿದ್ದ ಕಾಲ ಅದು. ಅಲ್ಲಿಯೇ ಸೌದಿಯ ಗುತ್ತಿಗೆದಾರರ ಮನೆಯ ಮಗ ಒಸಾಮಾ ಬಿನ್ ಲಾಡೆನ್‌ನೊಂದಿಗೆ ನಂಟು ಬೆಳೆಯಿತು. ಒಬ್ಬನಲ್ಲಿ ಹಣ ಮತ್ತು ಆಕರ್ಷಣೆ; ಇನ್ನೊಬ್ಬನಲ್ಲಿ ಸಂಘಟನೆಯ ಅನುಭವ, ಗುಪ್ತ ಜಾಲ ನಡೆಸಿ ಗೊತ್ತಿದ್ದ ಈಜಿಪ್ಟಿನ ಮಾಜಿ ಸೈನಿಕರು, ಪೊಲೀಸರು. 1988ರಲ್ಲಿ ಅಲ್ ಖೈದಾ ರೂಪುಗೊಂಡಾಗ ಅದರ ಆಯಕಟ್ಟಿನ ಜಾಗಗಳಲ್ಲಿ ಈಜಿಪ್ಷಿಯನ್ನರೇ ಕುಳಿತರು. ಆದರೂ ಜವಾಹಿರಿಯ ಮನಸ್ಸು ಕೈರೋದಲ್ಲೇ ಇತ್ತು. ಅವನ ಪರಿಭಾಷೆಯಲ್ಲಿ ಈಜಿಪ್ಟಿನ ಸರ್ಕಾರ ‘ಹತ್ತಿರದ ಶತ್ರು’, ಅಮೆರಿಕ ‘ದೂರದ ಶತ್ರು’, ಮೊದಲು ಹತ್ತಿರದವನು. ಅವನು ಮುನ್ನಡೆಸಿದ ಈಜಿಪ್ಟಿನ ಇಸ್ಲಾಮಿಕ್ ಜಿಹಾದ್ ಸಂಘಟನೆ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಸುಡಾನಿನಲ್ಲಿ ಕುಳಿತು ಕೈರೋದ ಮೇಲೆ ದಾಳಿಗಳನ್ನು ಹೆಣೆಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. 1993ರ ನವೆಂಬರ್‌ನಲ್ಲಿ ಪ್ರಧಾನಿ ಆತಿಫ್ ಸಿದ್ಕಿಯ ವಾಹನ ಸಾಗುವ ದಾರಿಯಲ್ಲಿ ಈ ಸಂಘಟನೆ ಕಾರ್ ಬಾಂಬ್ ಸಿಡಿಸಿತು. ಪ್ರಧಾನಿಗೆ ಏನೂ ಆಗಲಿಲ್ಲ. ಪಕ್ಕದ ಶಾಲೆಯ ಒಬ್ಬ ಬಾಲಕಿ ಸತ್ತಳು. ಅಲ್ಲಿಯವರೆಗೆ ಸರ್ಕಾರ ಮತ್ತು ಉಗ್ರರ ನಡುವಿನ ಕದನವನ್ನು ದೂರದಿಂದ ನೋಡುತ್ತಿದ್ದ ಕೈರೋದ ಸಾಮಾನ್ಯ ಜನ ಆ ಮಗುವಿನ ಶವಯಾತ್ರೆಯಲ್ಲಿ ಬೀದಿಗಿಳಿದು, ಭಯೋತ್ಪಾದನೆ ದೇವರಿಗೇ ಶತ್ರು ಎಂದು ಕೂಗಿದರು. ಕೆಲವು ವರ್ಷಗಳ ನಂತರ ಜವಾಹಿರಿ ತನ್ನ ಬರಹದಲ್ಲಿ ಈ ಸಾವಿನ ಬಗ್ಗೆ ವ್ಯಥೆ ವ್ಯಕ್ತಪಡಿಸಿದ; ಅಲ್ಲಿದ್ದ ಶಾಲೆ ಖಾಲಿಯೆಂದು ತಿಳಿದಿದ್ದೆವು ಎಂದ; ಬಲಿಯಾದವರ ಕುಟುಂಬಕ್ಕೆ ರಕ್ತಪರಿಹಾರ ಕೊಡಬಹುದೆಂದ; ಆದರೆ ಸರ್ಕಾರದೊಂದಿಗೆ ಹೋರಾಡದೆ ವಿಧಿಯಿಲ್ಲ ಎಂದು ಮುಗಿಸಿದ. ಮಗುವಿನ ಸಾವನ್ನು ಖರ್ಚಿನ ಬಾಬ್ತಿಗೆ ಸೇರಿಸಿ ಮುಂದಿನ ಸಾಲಿಗೆ ಹೋಗುವ ಈ ಬಗೆ ನನ್ನನ್ನು ಅವನ ಎಲ್ಲ ಬೆದರಿಕೆಗಳಿಗಿಂತ ಹೆಚ್ಚು ಕಾಡಿದೆ.

1995ರಲ್ಲಿ ಅಡಿಸ್ ಅಬಾಬಾದಲ್ಲಿ ಅಧ್ಯಕ್ಷ ಮುಬಾರಕ್ ಹತ್ಯೆಯ ಯತ್ನ ವಿಫಲವಾಯಿತು, ಅದೇ ವರ್ಷ ನವೆಂಬರ್ 19ರಂದು ಇಸ್ಲಾಮಾಬಾದಿನ ಈಜಿಪ್ಟ್ ರಾಯಭಾರ ಕಚೇರಿಯ ಮೇಲೆ ಆತ್ಮಾಹುತಿ ದಾಳಿ ನಡೆಯಿತು. ಸುಡಾನ್ ಈ ಅತಿಥಿಗಳನ್ನು ಹೊರಗಟ್ಟಿತು. ಅಲೆಯುತ್ತ ಹೊರಟ ಜವಾಹಿರಿ 1996ರ ಡಿಸೆಂಬರ್‌ನಲ್ಲಿ ಚೆಚೆನ್ಯಾಕ್ಕೆ ಹೋಗುವ ದಾರಿಯಲ್ಲಿ ದಾಗೆಸ್ತಾನದಲ್ಲಿ ನಕಲಿ ಪಾಸ್‌ಪೋರ್ಟಿನೊಂದಿಗೆ ರಷ್ಯನ್ನರ ಕೈಗೆ ಸಿಕ್ಕಿಬಿದ್ದ. ಸುಮಾರು ಆರು ತಿಂಗಳು ಸೆರೆಯಲ್ಲಿದ್ದರೂ ಅವನು ಯಾರೆಂದು ಅವರಿಗೆ ತಿಳಿಯಲಿಲ್ಲ. ವ್ಯಾಪಾರಿ ಎಂದ, ನಂಬಿದರು, ಬಿಟ್ಟರು.

ಅಷ್ಟರಲ್ಲಿ ಈಜಿಪ್ಟಿನಲ್ಲಿ ಅವನ ಜಾಲ ನೆಲಕಚ್ಚಿತ್ತು. ಇನ್ನೊಂದು ದೊಡ್ಡ ಉಗ್ರ ಸಂಘಟನೆಯ ಜೈಲಿನಲ್ಲಿದ್ದ ನಾಯಕರು 1997ರ ಜುಲೈನಲ್ಲಿ ಹಿಂಸೆ ನಿಲ್ಲಿಸುತ್ತೇವೆಂದು ಘೋಷಿಸಿದಾಗ ಜವಾಹಿರಿ ಅದನ್ನು ಉಗ್ರವಾಗಿ ವಿರೋಧಿಸಿದ. ನವೆಂಬರ್ 17ರಂದು ಅದೇ ಸಂಘಟನೆಯ ಒಂದು ಬಣ ಲಕ್ಸರ್‌ನ ಪುರಾತನ ದೇವಾಲಯದ ಬಳಿ 62 ಜನರನ್ನು, ಬಹುಪಾಲು ವಿದೇಶಿ ಪ್ರವಾಸಿಗರನ್ನು, ಕೊಂದಿತು. ಪ್ರವಾಸೋದ್ಯಮದಿಂದ ಅನ್ನ ಕಾಣುವ ಜನ ಉಗ್ರರ ಮೇಲೆ ಉರಿದುಬಿದ್ದರು. ಈಜಿಪ್ಟಿನಲ್ಲಿ ಇವರ ಕಥೆ ಅಲ್ಲಿಗೆ ಮುಗಿಯಿತೆಂದೇ ಹೇಳಬೇಕು.

1998ರ ಫೆಬ್ರುವರಿ 23ರಂದು ಬಿನ್ ಲಾಡೆನ್ ಜೊತೆ ಜವಾಹಿರಿ ಸಹಿ ಹಾಕಿದ, ಅಮೆರಿಕನ್ನರನ್ನು ಸೈನಿಕ ನಾಗರಿಕ ಎಂಬ ಭೇದವಿಲ್ಲದೆ ಎಲ್ಲಿ ಕಂಡರಲ್ಲಿ ಕೊಲ್ಲುವುದು ಕರ್ತವ್ಯ ಎಂದು ಸಾರಿದ ಆ ಕುಖ್ಯಾತ ಹೇಳಿಕೆಯನ್ನು ಈ ಸೋಲಿನ ಮುಂದುವರಿಕೆಯಾಗಿ ಓದಬೇಕು ಎಂಬುದು ನನ್ನ ವಾದ. ಹತ್ತಿರದ ಶತ್ರುವನ್ನು ಗೆಲ್ಲಲಾಗದೆ, ಕೈಯಲ್ಲಿ ಹಣವಿಲ್ಲದೆ, ಸದಸ್ಯರಿಗೆ ತಿಂಗಳ ಭತ್ಯೆ ಕೊಡಲೂ ಬಿನ್ ಲಾಡೆನ್‌ನ ಮುಖ ನೋಡಬೇಕಾದವನು ದೂರದ ಶತ್ರುವಿನ ಕಡೆ ತಿರುಗಿದ. ಅವನ ಸ್ವಂತ ಸಂಘಟನೆಯ ಹಲವರು ಇದನ್ನು ಒಪ್ಪಲಿಲ್ಲ. ಆಗಸ್ಟ್ 7ರಂದು ನೈರೋಬಿ ಮತ್ತು ದಾರ್ ಎಸ್ ಸಲಾಮ್‌ಗಳ ಅಮೆರಿಕನ್ ರಾಯಭಾರ ಕಚೇರಿಗಳ ಮೇಲಿನ ದಾಳಿಯಲ್ಲಿ 224 ಜನ ಸತ್ತರು. ಅವರಲ್ಲಿ ಅಮೆರಿಕನ್ನರು 12. ಉಳಿದವರಲ್ಲಿ ಬಹುತೇಕ ಎಲ್ಲರೂ ದಾರಿಹೋಕರು, ಗುಮಾಸ್ತರು, ಬಸ್ಸಿನಲ್ಲಿ ಕುಳಿತಿದ್ದ ಆಫ್ರಿಕನ್ನರು. 2001ರ ಜೂನ್‌ನಲ್ಲಿ ಇಸ್ಲಾಮಿಕ್ ಜಿಹಾದ್ ಮತ್ತು ಅಲ್ ಖೈದಾ ವಿಧಿವತ್ತಾಗಿ ಒಂದಾದವು. ಸೆಪ್ಟೆಂಬರ್ 11ರ ಕಥೆ ನಿಮಗೆಲ್ಲ ಗೊತ್ತಿದೆ, ಅದನ್ನಿಲ್ಲಿ ಮತ್ತೆ ಹೇಳುವುದಿಲ್ಲ.

ಅದರ ಬದಲು ಒಂದು ಚಿಲ್ಲರೆ ಸಂಗತಿ. ಆ ವರ್ಷ ತಾಲಿಬಾನ್ ಕಾಬೂಲಿನಿಂದ ಓಡಿದ ಮೇಲೆ ಅಮೆರಿಕದ ಪತ್ರಕರ್ತನೊಬ್ಬ ಅಲ್ಲಿ ಕೊಂಡ ಹಳೆಯ ಕಂಪ್ಯೂಟರಿನೊಳಗೆ ಅಲ್ ಖೈದಾದ ಒಳಗಿನ ಪತ್ರವ್ಯವಹಾರ ಸಿಕ್ಕಿತು. 1999ರಲ್ಲಿ ಯೆಮನ್‌ನ ಘಟಕಕ್ಕೆ ಜವಾಹಿರಿ ಬರೆದ ಒಂದು ಪತ್ರ ಪೂರ್ತಿ ಲೆಕ್ಕಪತ್ರದ ತಗಾದೆ. 470 ಡಾಲರ್ ಕೊಟ್ಟು ಹೊಸ ಫ್ಯಾಕ್ಸ್ ಯಂತ್ರ ಏಕೆ ಕೊಂಡಿರಿ, ಹಳೆಯವೆರಡು ಎಲ್ಲಿ ಹೋದವು, ಖರ್ಚಿಗೆ ಮೊದಲೇ ಅನುಮತಿ ಕೇಳಿದ್ದಿರಾ? ಸಹಕಾರ ಸಂಘದ ಆಡಿಟ್ ವರದಿ ಓದಿದಂತಾಗುತ್ತದೆ. ಕೊಲೆಯ ಉದ್ಯಮಕ್ಕೂ ಕಚೇರಿ ಬೇಕು, ರಸೀದಿ ಬೇಕು. ಜವಾಹಿರಿ ಆ ಕಚೇರಿಯನ್ನು ನಡೆಸುತ್ತಿದ್ದವನು.

ಅಫ್ಘನ್ ಯುದ್ಧ ಆರಂಭವಾದ ಕೆಲವೇ ವಾರಗಳಲ್ಲಿ ಗಾರ್ಡೆಜ್ ಬಳಿ ನಡೆದ ವೈಮಾನಿಕ ದಾಳಿಯಲ್ಲಿ ಅವನ ಪತ್ನಿ ಅಜ್ಜಾ, ಒಬ್ಬ ಮಗ ಹಾಗೂ ಕಿರಿಯ ಮಗಳು ಸತ್ತರು. ಜವಾಹಿರಿ ಪಾಕಿಸ್ತಾನದ ಬುಡಕಟ್ಟು ಪ್ರದೇಶದ ಕಡೆ ಮರೆಯಾದ. 2006ರ ಜನವರಿಯಲ್ಲಿ ಬಾಜೌರ್‌ನ ದಮಾದೋಲಾ ಹಳ್ಳಿಯ ಮೇಲೆ ಅವನಿಗಾಗಿ ಅಮೆರಿಕ ಕ್ಷಿಪಣಿ ಹಾರಿಸಿತು. ಅವನು ಅಲ್ಲಿರಲಿಲ್ಲ, ಹೆಂಗಸರು ಮಕ್ಕಳು ಸೇರಿ ಹಳ್ಳಿಗರು ಸತ್ತರು. 2009ರ ಡಿಸೆಂಬರ್ 30ರಂದು, ಜವಾಹಿರಿಯ ಇರವು ತೋರಿಸುತ್ತೇನೆಂದು ನಂಬಿಸಿದ್ದ ಜೋರ್ಡಾನಿನ ವೈದ್ಯನೊಬ್ಬ ಅಫ್ಘಾನಿಸ್ತಾನದ ಖೋಸ್ತ್‌ನ ಸಿಐಎ ನೆಲೆಯೊಳಗೆ ಬಂದು ತನ್ನನ್ನೇ ಸ್ಫೋಟಿಸಿಕೊಂಡು ಆ ಸಂಸ್ಥೆಯ ಏಳು ಜನರನ್ನು ಕೊಂದ. ಒಬ್ಬ ವೈದ್ಯನ ಬೇಟೆಗೆ ಇನ್ನೊಬ್ಬ ವೈದ್ಯ ಬಲೆಯಾದ.

ಈ ಅಡಗಿದ ವರ್ಷಗಳಲ್ಲಿ ಜವಾಹಿರಿಗೆ ಉಳಿದದ್ದು ಪತ್ರ ಮತ್ತು ಧ್ವನಿ. 2005ರ ಜುಲೈನಲ್ಲಿ ಇರಾಕಿನಲ್ಲಿ ಅಲ್ ಖೈದಾದ ಶಾಖೆ ನಡೆಸುತ್ತಿದ್ದ ಅಬೂ ಮುಸಬ್ ಅಲ್ ಜರ್ಕಾವಿಗೆ ಬರೆದ ದೀರ್ಘ ಪತ್ರದಲ್ಲಿ, ನಮ್ಮ ಯುದ್ಧದ ಅರ್ಧಕ್ಕಿಂತ ಹೆಚ್ಚು ನಡೆಯುವುದು ಮಾಧ್ಯಮದ ರಣರಂಗದಲ್ಲಿ, ಆದ್ದರಿಂದ ಕತ್ತು ಕೊಯ್ಯುವ ದೃಶ್ಯಗಳನ್ನು ತೋರಿಸಬೇಡ, ಶಿಯಾ ಮಸೀದಿಗಳ ಮೇಲಿನ ದಾಳಿ ಸಾಮಾನ್ಯ ಮುಸ್ಲಿಮನಿಗೆ ಅರ್ಥವಾಗದು ಎಂದು ಬುದ್ಧಿ ಹೇಳಿದ. ಇದರಲ್ಲಿ ಕರುಣೆ ಹುಡುಕಬಾರದು. ಕೊಲ್ಲುವುದಕ್ಕೆ ಗುಂಡು ಸಾಕಲ್ಲ ಎಂದೂ ಅದೇ ಪತ್ರ ಹೇಳುತ್ತದೆ. ಜರ್ಕಾವಿ ಕೇಳಲಿಲ್ಲ, ನವೆಂಬರ್‌ನಲ್ಲಿ ಅಮ್ಮಾನ್‌ನ ಮೂರು ಹೋಟೆಲುಗಳಲ್ಲಿ, ಒಂದರಲ್ಲಿ ಮದುವೆಯ ಸಂಭ್ರಮದ ನಡುವೆಯೇ, ಬಾಂಬು ಸಿಡಿಸಿದ.

2007ರಲ್ಲಿ ಪೆಟ್ಟು ಬಿದ್ದದ್ದು ಇನ್ನೂ ಹತ್ತಿರದಿಂದ. ವೈದ್ಯ ಕಾಲೇಜಿನ ಕಾಲದ ಸಂಗಾತಿ, ಪೆಶಾವರದಲ್ಲಿ ಈಜಿಪ್ಟಿನ ಜಿಹಾದಿಗಳಿಗೆ ಶಾಸ್ತ್ರಾಧಾರ ಬರೆದುಕೊಟ್ಟ ಸಯ್ಯದ್ ಇಮಾಮ್ ಅಲ್ ಷರೀಫ್ ಕೈರೋದ ಸೆರೆಮನೆಯಿಂದ ಹಿಂಸೆಯ ದಾರಿಯನ್ನು ಧರ್ಮಶಾಸ್ತ್ರದ ನೆಲೆಯಲ್ಲೇ ಖಂಡಿಸಿ ಬರೆದ. ಅದರ ಸುದ್ದಿ ಫ್ಯಾಕ್ಸ್ ಮೂಲಕ ಪತ್ರಿಕೆಗೆ ಬಂದಿತ್ತು. ಈಜಿಪ್ಟಿನ ಸೆರೆಕೋಣೆಗಳಲ್ಲಿ ಈಗ ಫ್ಯಾಕ್ಸ್ ಯಂತ್ರಗಳೂ ಇವೆಯೋ, ಅವು ವಿದ್ಯುತ್ ಆಘಾತದ ಯಂತ್ರಗಳ ತಂತಿಗೇ ಜೋಡಿಸಲ್ಪಟ್ಟಿವೆಯೋ ಎಂದು ಜವಾಹಿರಿ ಕುಹಕವಾಡಿದ. ಚುರುಕಾದ ಮಾತೇ. ಆದರೆ ಮರುವರ್ಷ ಸುಮಾರು ಇನ್ನೂರು ಪುಟಗಳ ಉತ್ತರ ಬರೆಯಬೇಕಾಯಿತು ಎಂಬುದು ಪೆಟ್ಟಿನ ಆಳವನ್ನು ತೋರಿಸುತ್ತದೆ.

ಆಮೇಲೆ 2011. ಅವನು ಹದಿನೈದನೆಯ ವಯಸ್ಸಿನಿಂದ ಕನಸಿದ್ದ ದಿನ ಬಂತು, ಕೈರೋದಲ್ಲಿ ಸರ್ಕಾರ ಬಿತ್ತು. ಫೆಬ್ರುವರಿ 11ರಂದು ಮುಬಾರಕ್ ಅಧಿಕಾರ ಬಿಟ್ಟದ್ದು ತಹ್ರೀರ್ ಚೌಕದಲ್ಲಿ ಹದಿನೆಂಟು ದಿನ ನಿಂತ ಜನರಿಂದ; ಅವರಲ್ಲಿ ಹೆಂಗಸರಿದ್ದರು, ಕ್ರೈಸ್ತರಿದ್ದರು, ಸಮಾಜವಾದಿಗಳಿದ್ದರು, ಧರ್ಮನಿಷ್ಠ ಮುಸ್ಲಿಮರೂ ಇದ್ದರು; ಯಾರೂ ಜವಾಹಿರಿಯ ಹೆಸರು ಕೂಗಲಿಲ್ಲ. ಒಂದು ವಾರದ ಬಳಿಕ ಹೊರಬಂದ ಅವನ ಧ್ವನಿಮುದ್ರಣದಲ್ಲಿ ನೆಪೋಲಿಯನ್ನನ ಕಾಲದಿಂದ ಹಿಡಿದು ಈಜಿಪ್ಟಿನ ಇತಿಹಾಸವಿತ್ತು, ಮುಬಾರಕ್ ಹೋದ ಸುದ್ದಿಯೇ ಇರಲಿಲ್ಲ. ಬಿನ್ ಲಾಡೆನ್ ಹತನಾಗಿ ಆರು ವಾರಗಳ ಮೇಲೆ, ಜೂನ್ 16ರಂದು ಜವಾಹಿರಿಯನ್ನು ನಾಯಕನೆಂದು ಘೋಷಿಸಲಾಯಿತು. ಅವನ ತಲೆಗೆ ಅಮೆರಿಕ ಕಟ್ಟಿದ್ದ ಬೆಲೆ 2.5 ಕೋಟಿ ಡಾಲರ್.

ನಾಯಕನಾದವನ ಮಾತನ್ನು ಸ್ವಂತ ಶಾಖೆಗಳೇ ಕೇಳಲಿಲ್ಲ. 2013ರಲ್ಲಿ ಇರಾಕಿನ ಶಾಖೆಯ ಮುಖ್ಯಸ್ಥ ಅಬೂ ಬಕರ್ ಅಲ್ ಬಗ್ದಾದಿಗೆ, ಸಿರಿಯಾ ಬಿಟ್ಟು ನಿನ್ನ ನೆಲಕ್ಕೆ ಹಿಂದಿರುಗು ಎಂದು ಆಜ್ಞಾಪಿಸಿದ. ಬಗ್ದಾದಿ ಬಹಿರಂಗವಾಗಿಯೇ ತಿರಸ್ಕರಿಸಿದ. 2014ರ ಫೆಬ್ರುವರಿಯಲ್ಲಿ ಅಲ್ ಖೈದಾ ಅವನ ಗುಂಪಿನೊಂದಿಗೆ (ಐಸಿಸ್) ಸಂಬಂಧ ಕಡಿದುಕೊಂಡಿತು, ಜೂನ್‌ನಲ್ಲಿ ಆ ಗುಂಪು ತನ್ನನ್ನೇ ಖಿಲಾಫತ್ ಎಂದು ಕರೆದುಕೊಂಡಿತು. ಆ ಸೆಪ್ಟೆಂಬರ್‌ನಲ್ಲಿ ಜವಾಹಿರಿ ಭಾರತ ಉಪಖಂಡಕ್ಕೆಂದು ಹೊಸ ಶಾಖೆಯನ್ನು ಸಾರಿ ಅಸ್ಸಾಂ, ಗುಜರಾತ್, ಕಾಶ್ಮೀರಗಳ ಹೆಸರೆತ್ತಿದ. ಅದಕ್ಕೆ ಉತ್ತರ ಪ್ರದೇಶದ ಸಂಭಲ್ ಮೂಲದ ಆಸಿಮ್ ಉಮರ್‌ನನ್ನು ಮುಖ್ಯಸ್ಥನಾಗಿಸಿದ. ಇಲ್ಲಿನ ಮುಸ್ಲಿಮ್ ಸಂಘಟನೆಗಳು ಕರೆಯನ್ನು ತಳ್ಳಿಹಾಕಿದವು. ಇನ್ನೂ ಮುಜುಗರದ ಸಂಗತಿಯೊಂದಿದೆ. 2014ರಲ್ಲಿ ಅಲ್ ಖೈದಾ ತಾಲಿಬಾನಿನ ಮುಲ್ಲಾ ಒಮರ್‌ಗೆ ನಿಷ್ಠೆಯ ಪ್ರಮಾಣವನ್ನು ನವೀಕರಿಸಿತು. ಮುಲ್ಲಾ ಒಮರ್ 2013ರಲ್ಲೇ ಸತ್ತಿದ್ದ. ತಾಲಿಬಾನ್ ಅದನ್ನು ಎರಡು ವರ್ಷ ಮುಚ್ಚಿಟ್ಟಿತ್ತು.

2021ರ ಆಗಸ್ಟ್ 15ರಂದು ತಾಲಿಬಾನ್ ಮತ್ತೆ ಕಾಬೂಲಿಗೆ ಬಂತು. ಜವಾಹಿರಿಯ ಕುಟುಂಬ ಶೇರ್‌ಪುರ ಎಂಬ, ಸಿರಿವಂತರ ಹೊಸ ಬಂಗಲೆಗಳ ಬಡಾವಣೆಗೆ ಬಂದು ನೆಲೆಸಿತು. ಅಮೆರಿಕದ ಅಧಿಕಾರಿಗಳ ಪ್ರಕಾರ ಅದು ತಾಲಿಬಾನಿನ ಗೃಹಸಚಿವ ಸಿರಾಜುದ್ದೀನ್ ಹಕ್ಕಾನಿಯ ಆಪ್ತನೊಬ್ಬನಿಗೆ ಸಂಬಂಧಿಸಿದ ಮನೆ. ಮನೆಯೊಳಗೆ ಹೋದವನು ಹೊರಗೆ ಬಂದದ್ದನ್ನು ಯಾರೂ ಕಾಣಲಿಲ್ಲ. ಬಾಲ್ಕನಿಗೆ ಮಾತ್ರ ಬರುತ್ತಿದ್ದ, ಎಷ್ಟೋ ಹೊತ್ತು ಅಲ್ಲೇ ಇರುತ್ತಿದ್ದ. ಆ ಅಭ್ಯಾಸವನ್ನು ಅಮೆರಿಕದವರು ತಿಂಗಳುಗಟ್ಟಲೆ ಗಮನಿಸಿದರು. 2022ರ ಜುಲೈ 31ರ ಬೆಳಿಗ್ಗೆ 6 ಗಂಟೆ 18 ನಿಮಿಷಕ್ಕೆ ಡ್ರೋನಿನಿಂದ ಹಾರಿದ ಎರಡು ಹೆಲ್‌ಫೈರ್ ಕ್ಷಿಪಣಿಗಳು ಆ ಬಾಲ್ಕನಿಗೆ ಬಡಿದವು. ಅವನಿಗೆ ಆಗ 71 ವರ್ಷ. ಒಳಗಿದ್ದ ಹೆಂಗಸರಿಗೂ ಮೊಮ್ಮಕ್ಕಳಿಗೂ ಏನೂ ಆಗಲಿಲ್ಲವೆಂದು ಅಮೆರಿಕ ಹೇಳಿತು. ಮಂಡ್ಯದ ಹುಡುಗಿಯ ಮೇಲೆ ಕವಿತೆ ಓದಿ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ.

ತಮ್ಮ ರಾಜಧಾನಿಯಲ್ಲಿ ಅವನಿದ್ದದ್ದೇ ತಮಗೆ ಗೊತ್ತಿರಲಿಲ್ಲ ಎಂದಿತು ತಾಲಿಬಾನ್. ಆಗಸ್ಟ್ ಕೊನೆಯಲ್ಲಿ, ಶವವೇ ಸಿಕ್ಕಿಲ್ಲ, ತನಿಖೆ ನಡೆಯುತ್ತಿದೆ ಎಂದಿತು. ಅಲ್ ಖೈದಾ ಅವನ ಸಾವನ್ನು ಘೋಷಿಸಲಿಲ್ಲ, ಉತ್ತರಾಧಿಕಾರಿಯನ್ನೂ ಹೆಸರಿಸಲಿಲ್ಲ. ಮುಂದೆ ನಿಂತವನು ಇರಾನಿನಲ್ಲಿರುವ ಇನ್ನೊಬ್ಬ ಈಜಿಪ್ಷಿಯನ್, ಸೈಫ್ ಅಲ್ ಅದಲ್ ಎಂದು 2023ರಲ್ಲಿ ವಿಶ್ವಸಂಸ್ಥೆಯ ವರದಿ ಹೇಳಿತು. ಆದರೆ 2022ರ ಡಿಸೆಂಬರ್‌ನಲ್ಲಿ ಸಂಘಟನೆಯ ಮಾಧ್ಯಮ ವಿಭಾಗ ಮೂವತ್ತೈದು ನಿಮಿಷಗಳ ಒಂದು ಧ್ವನಿಮುದ್ರಣವನ್ನು ಹೊರತಂದು, ಮಾತನಾಡುತ್ತಿರುವವನು ಜವಾಹಿರಿ ಎಂದಿತು. ಯಾವಾಗ ಮುದ್ರಿಸಿದ್ದೆಂದು ಹೇಳಲಿಲ್ಲ. ಈ ಬಾರಿ ಅದರೊಳಗೆ ದಿನಾಂಕ ಹಚ್ಚಬಹುದಾದ ಯಾವ ಘಟನೆಯೂ ಇರಲಿಲ್ಲ.